ಶಾಲೆ ತೆರೆಯೋ ಜಗಳ: ಪೋಷಕರು ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ ಇದ್ರಾ?

ಇವತ್ತಿನ ವಿಷಯ, ಕೋವಿಡ್ ಕಾಲದಲ್ಲಿ ಶಾಲೆ ತೆರೆಯೋದರ ಬಗ್ಗೆ ನಡೆದ ಜಗಳ. ಪುಣೆ, ಹೈದರಾಬಾದ್, ಚೆನ್ನೈ ಅಂತ ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಕಾಲ ಅಂದ್ರೆ ನೆನಪಾಗೋ ಚಿತ್ರ ಹೆಚ್ಚು ಕಡಿಮೆ ಒಂದೇ. ಒಂದು ರೂಮಲ್ಲಿ ನಮ್ಮ ಸ್ಟ್ಯಾಂಡಪ್ ಕಾಲ್, ಪಕ್ಕದ ರೂಮಲ್ಲಿ ಮಗುವಿನ ಆನ್‌ಲೈನ್ ಕ್ಲಾಸು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ಎರಡು ಮಾತು ಓಡಾಡ್ತಿತ್ತು. ‘ಮೂರನೇ ಅಲೆ ಮಕ್ಕಳಿಗೇ ಬರುತ್ತಂತೆ, ಕಳಿಸೋದು ಬೇಡ’ ಅನ್ನೋದು ಒಂದು. ‘ಟೀಚರ್‌ಗಳಿಗೆ ಮನೇಲಿ ಕೂತು ಸಂಬಳ ತಗೊಳೋದು ರೂಢಿಯಾಗಿದೆ, ಅವರೇ ತೆರೆಯೋಕೆ ಬಿಡ್ತಿಲ್ಲ’ ಅನ್ನೋದು ಇನ್ನೊಂದು. ಒಬ್ಬರೇ ಎರಡನ್ನೂ ಹೇಳಿದ್ದುಂಟು.

ಆದ್ರೆ ಇದು ಸ್ಮಾರ್ಟ್‌ಫೋನು, ವೈಫೈ ಇದ್ದ ಮನೆಗಳ ನೆನಪು. ಅಂಕಿ ಬೇರೆ ಹೇಳುತ್ತೆ. 2020ರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ ಶಿಕ್ಷಕರನ್ನ, ಪೋಷಕರನ್ನ ಮಾತಾಡಿಸಿತು. ಸರಿಯಾದ ಮುಂಜಾಗ್ರತೆ ಇದ್ರೆ ಮಕ್ಕಳನ್ನ ಶಾಲೆಗೆ ಕಳಿಸ್ತೀವಿ ಅಂದ ಪೋಷಕರು ಸುಮಾರು 90%. ಆನ್‌ಲೈನಲ್ಲಿ ಮಕ್ಕಳ ಜೊತೆ ಭಾವನಾತ್ಮಕ ಸಂಬಂಧ ಇಟ್ಕೊಳ್ಳೋಕೆ ಆಗ್ತಿಲ್ಲ ಅಂದ ಶಿಕ್ಷಕರು 80%ಕ್ಕಿಂತ ಹೆಚ್ಚು. ಆನ್‌ಲೈನ್ ಪಾಠದ ಬಗ್ಗೆ ಇಬ್ಬರ ಮಾತೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಮಾರನೇ ವರ್ಷ, 2021ರ ಆಗಸ್ಟಲ್ಲಿ, ಜ್ಯಾಂ ದ್ರೇಜ್, ರೀತಿಕಾ ಖೇರಾ ಮತ್ತವರ ತಂಡ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮನೆಗಳ ಮಕ್ಕಳ ಸಮೀಕ್ಷೆ ಮಾಡಿತು. ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನಲ್ಲಿ ಓದ್ತಿದ್ದ ಮಕ್ಕಳು ಬರೀ 8%. ಅಲ್ಲಿನ ಪೋಷಕರಲ್ಲಿ 97% ಜನಕ್ಕೆ ಶಾಲೆ ತೆರೆಯಬೇಕಿತ್ತು.

ಅಂದ್ರೆ ಬಿರುಕು ಇದ್ದದ್ದು ಪೋಷಕರು ಮತ್ತು ಮೇಷ್ಟ್ರ ನಡುವೆ ಅನ್ನೋದಕ್ಕಿಂತ ಪೋಷಕರು ಮತ್ತು ಪೋಷಕರ ನಡುವೆ. ಟಿವಿ ಚರ್ಚೆಯಲ್ಲಿ, ಸೋಷಿಯಲ್ ಮೀಡಿಯಾದಲ್ಲಿ ‘ಪೋಷಕರ ಅಭಿಪ್ರಾಯ’ ಅಂತ ಕೇಳಿಸ್ತಿದ್ದದ್ದು ನಮ್ಮಂಥವರ ದನಿ.

ಹಾಗಾದ್ರೆ ಮೇಷ್ಟ್ರಿಗೆ ಭಯ ಇರಲಿಲ್ವಾ? ಖಂಡಿತ ಇತ್ತು. ಅದಕ್ಕೆ ಕಾರಣವೂ ಇತ್ತು.

ನಮ್ಮ ರಾಜ್ಯದ ವಿದ್ಯಾಗಮವನ್ನೇ ತಗೊಳ್ಳಿ. 2020ರ ಆಗಸ್ಟಲ್ಲಿ, ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ ಶುರುವಾದ ಯೋಜನೆ. ಫೋನೇ ಇಲ್ಲದ ಮಕ್ಕಳು, ಸಾದಾ ಫೋನ್ ಇರೋ ಮಕ್ಕಳು, ಇಂಟರ್ನೆಟ್ ಸಮೇತ ಸ್ಮಾರ್ಟ್‌ಫೋನ್ ಇರೋ ಮಕ್ಕಳು ಅಂತ ಮೂರು ಗುಂಪು ಮಾಡಿದ್ರು. ಮಕ್ಕಳು ಶಾಲೆಗೆ ಬರೋ ಬದಲು ಮೇಷ್ಟ್ರೇ ಮಕ್ಕಳಿರೋ ಕಡೆ ಹೋಗಿ ಅರಳಿಕಟ್ಟೆ, ಗುಡಿಯ ಜಗಲಿ, ಸಮುದಾಯ ಭವನ, ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಕೂರಿಸಿ ಪಾಠ ಮಾಡಬೇಕು. ವಿನ್ಯಾಸ ನೋಡಿದ್ರೆ ಒಳ್ಳೇದೇ. ಎಲ್ಲರ ಹತ್ರ ಫೋನಿದೆ ಅಂತ ಅಂದ್ಕೊಳ್ಳದೆ ಶುರು ಮಾಡಿದ ಯೋಜನೆ ಅದು, ಬಯಲಲ್ಲಿ ಗಾಳಿಯೂ ಚೆನ್ನಾಗಿ ಆಡುತ್ತೆ.

ತಮಾಷೆ ಏನಪ್ಪಾ ಅಂದ್ರೆ, ನಲ್ಲಿ, ಶೌಚಾಲಯ, ಕಾಂಪೌಂಡು ಇದ್ದ ಶಾಲೆಗೆ ಬೀಗ. ಅದ್ಯಾವುದೂ ಇಲ್ಲದ ಜಗಲಿ ಮೇಲೆ ಪಾಠ. ಎಲ್ಲ ಜಾತಿಯ ಮಕ್ಕಳೂ ಅನುಮಾನವಿಲ್ಲದೆ ಒಟ್ಟಿಗೆ ಕೂರೋ ಜಾಗ ಅಂದ್ರೆ ಸರ್ಕಾರಿ ಶಾಲೆ. ಗುಡಿಯ ಜಗಲಿ ಬಗ್ಗೆ ಆ ಮಾತು ಹೇಳೋಕಾಗಲ್ಲ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಒಂದರ ಹಿಂದೊಂದು ಬಂದು, ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಸರ್ಕಾರ ಯೋಜನೆಯನ್ನ ನಿಲ್ಲಿಸಿ, ಅದರ ಬೆನ್ನಿಗೇ ಶಾಲೆಗಳಿಗೆ ರಜೆ ಘೋಷಿಸಿತು. 2021ರ ಜನವರಿ 1ರಿಂದ ವಿದ್ಯಾಗಮ ಮತ್ತೆ ಶುರುವಾಯ್ತು, ಈ ಸಲ ಶಾಲೆಯ ಆವರಣದಲ್ಲೇ.

ಮೇಷ್ಟ್ರ ಭಯಕ್ಕೆ ಇನ್ನೂ ದೊಡ್ಡ ಕಾರಣ ಉತ್ತರ ಪ್ರದೇಶದಲ್ಲಿ ಸಿಕ್ತು. 2021ರ ಏಪ್ರಿಲಲ್ಲಿ ಅಲ್ಲಿ ಪಂಚಾಯತ್ ಚುನಾವಣೆ. ಎರಡನೇ ಅಲೆ ಏರ್ತಿತ್ತು, ಶಿಕ್ಷಕರಿಗೆ ಚುನಾವಣಾ ಡ್ಯೂಟಿ. 1,621 ಶಿಕ್ಷಕರು ಮತ್ತು ಸಿಬ್ಬಂದಿ ತೀರಿಕೊಂಡ್ರು ಅಂತ ಅಲ್ಲಿನ ಪ್ರಾಥಮಿಕ ಶಿಕ್ಷಕರ ಸಂಘ ಪಟ್ಟಿ ಕೊಟ್ಟಿತು. ಸರ್ಕಾರ ಹೇಳಿದ ಸಂಖ್ಯೆ 3. ಮೂರು! ಎರಡು ಸಂಖ್ಯೆಗೆ ಇಷ್ಟು ಅಂತರ ಹೇಗೆ ಅಂದ್ರೆ, ಎಲ್ಲ ಇದ್ದದ್ದು ವ್ಯಾಖ್ಯೆಯಲ್ಲಿ. ಡ್ಯೂಟಿಗೆ ಅಂತ ಮನೆ ಬಿಟ್ಟಾಗಿನಿಂದ ವಾಪಸ್ ಮನೆ ಸೇರೋ ತನಕ ಸತ್ತರೆ ಮಾತ್ರ ಅದು ‘ಡ್ಯೂಟಿ ಸಾವು’. ವೈರಸ್ ಒಳಗೆ ಹೋಗಿ ಆಳನ್ನ ಮಲಗಿಸೋಕೆ ದಿನಗಳು, ವಾರಗಳು ಬೇಕು ಅನ್ನೋದು ಆ ನಿಯಮಕ್ಕೆ ಗೊತ್ತಿಲ್ಲ. ಡ್ಯಾಶ್‌ಬೋರ್ಡ್ ಮಾಡೋ ನಮಗೆ ಇದು ಚೆನ್ನಾಗಿ ಅರ್ಥ ಆಗುತ್ತೆ: ಫಿಲ್ಟರ್ ಬದಲಾಯಿಸಿದ್ರೆ ಸಂಖ್ಯೆ ಬದಲಾಗುತ್ತೆ. ಆಮೇಲೆ ಗಲಾಟೆಯಾಗಿ, ಡ್ಯೂಟಿಯಾದ 30 ದಿನದೊಳಗಿನ ಸಾವನ್ನೂ ಪರಿಹಾರಕ್ಕೆ ಸೇರಿಸಿಕೊಂಡರು. ಇದನ್ನ ನೋಡಿದ ಶಿಕ್ಷಕರು ‘ಮೊದಲು ಲಸಿಕೆ ಕೊಡಿ, ಆಮೇಲೆ ಶಾಲೆ ತೆರೀರಿ’ ಅಂದ್ರೆ ಅದನ್ನ ಮೈಗಳ್ಳತನ ಅನ್ನೋದು ನನ್ನ ಪ್ರಕಾರ ಅನ್ಯಾಯ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯೊಳಗೆ ಎಲ್ಲ ಶಿಕ್ಷಕರಿಗೂ ಲಸಿಕೆ ಹಾಕಿ ಅಂತ ಕೇಂದ್ರ ಆರೋಗ್ಯ ಸಚಿವರು ರಾಜ್ಯಗಳನ್ನ ಕೇಳಿದ್ದು 2021ರ ಆಗಸ್ಟ್ ಕೊನೆಗೆ. ಲಸಿಕಾ ಅಭಿಯಾನ ಶುರುವಾಗಿದ್ದು ಜನವರಿ 16ಕ್ಕೆ.

ಖಾಸಗಿ ಶಾಲೆಗಳ ಜಗಳ ಬೇರೆ. ಅಲ್ಲಿ ವೈರಸ್ಸಿಗಿಂತ ಫೀಸಿನದೇ ಮಾತು. ಕರ್ನಾಟಕ ಸರ್ಕಾರ 2021ರ ಜನವರಿ ಕೊನೆಗೆ ಬೋಧನಾ ಶುಲ್ಕದ 70% ಮಾತ್ರ ತಗೋಬೇಕು ಅಂತ ಆದೇಶ ಮಾಡ್ತು. ಫೆಬ್ರವರಿಯಲ್ಲಿ ಆಡಳಿತ ಮಂಡಳಿಯವರು, ಶಿಕ್ಷಕರು ಬೆಂಗಳೂರಲ್ಲಿ ಬೀದಿಗಿಳಿದ್ರು. ಕೊನೆಗೆ ಹೈಕೋರ್ಟ್ 15% ರಿಯಾಯಿತಿ ಸಾಕು ಅಂತು. ಅರ್ಧ ಸಂಬಳಕ್ಕೆ ಇಳಿದ ಟೀಚರು, ಕೆಲಸ ಕಳ್ಕೊಂಡ ಅಪ್ಪ ಎದುರುಬದುರು ನಿಂತರೆ ಯಾರ ಕಡೆ ನಿಲ್ತೀರಿ?

ಇನ್ನು ತೆರೆದ ಕ್ರಮ. ಇದರ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ. 2021ರ ಜುಲೈನಲ್ಲಿ ಐಸಿಎಂಆರ್ ಮುಖ್ಯಸ್ಥ ಬಲರಾಮ್ ಭಾರ್ಗವ, ಸಿಬ್ಬಂದಿಗೆ ಲಸಿಕೆ ಹಾಕಿಸಿ ಮೊದಲು ಪ್ರಾಥಮಿಕ ಶಾಲೆ ತೆರೆಯೋದು ಜಾಣತನ ಅಂದ್ರು. ಚಿಕ್ಕ ಮಕ್ಕಳು ಸೋಂಕನ್ನ ದೊಡ್ಡವರಿಗಿಂತ ಚೆನ್ನಾಗಿ ತಡ್ಕೋತಾರೆ ಅನ್ನೋದು ಅವರ ವಾದ. ಅದೇ ಹೊತ್ತಿಗೆ ಬಂದ ನಾಲ್ಕನೇ ಸೀರೋ ಸಮೀಕ್ಷೆ ಪ್ರಕಾರ 6ರಿಂದ 9 ವರ್ಷದ ಮಕ್ಕಳಲ್ಲಿ 57.2% ಜನರಲ್ಲಿ ಆಗಲೇ ಪ್ರತಿಕಾಯ ಇತ್ತು. ನಾವು ಮಾಡಿದ್ದೇನು? ಕರ್ನಾಟಕದಲ್ಲಿ 9ರಿಂದ 12ನೇ ತರಗತಿ ಆಗಸ್ಟ್ 23ಕ್ಕೆ, 6ರಿಂದ 8 ಸೆಪ್ಟೆಂಬರ್ 6ಕ್ಕೆ, 1ರಿಂದ 5 ಅಕ್ಟೋಬರ್ 25ಕ್ಕೆ. ತಮಿಳುನಾಡಲ್ಲಿ ಸಣ್ಣ ಮಕ್ಕಳಿಗೆ ನವೆಂಬರ್ 1. ಮುಂಬೈಯಲ್ಲಿ ಡಿಸೆಂಬರ್ 15, ಅದೂ ಮೂರು ವಾರ ತುಂಬೋದರೊಳಗೆ ಒಮಿಕ್ರಾನ್ ಅಂತ ಮತ್ತೆ ಬಂದ್, ಆಮೇಲೆ ಜನವರಿ 24ಕ್ಕೆ ಓಪನ್. ದೊಡ್ಡವರಿಗೆ ಬೋರ್ಡ್ ಪರೀಕ್ಷೆ ಇದೆ, ಅವರು ಮೊದಲು. ಅಕ್ಷರ ಕಲಿಯೋ ವಯಸ್ಸಿನ ಮಗು, ಯೂಟ್ಯೂಬ್ ನೋಡಿ ತಾನಾಗೇ ಕಲಿಯೋಕಾಗದ ಮಗು, ಕೊನೆಗೆ.

ಇಷ್ಟೆಲ್ಲ ಆದ್ಮೇಲೆ ಬಂದದ್ದು ಒಪ್ಪಿಗೆ ಪತ್ರ. ‘ನನ್ನ ಮಗುವನ್ನ ಸ್ವಇಚ್ಛೆಯಿಂದ ಕಳಿಸ್ತಿದ್ದೇನೆ’ ಅಂತ ಪೋಷಕರು ಸಹಿ ಹಾಕಬೇಕು. ಹೆಚ್ಚುಕಮ್ಮಿ ಆದ್ರೆ ಹೊಣೆ ಸಹಿ ಹಾಕಿದವರದ್ದು ಅನ್ನೋ ಭಾವನೆ ಎಲ್ಲರಲ್ಲೂ. ಮಗು ಬಂದ ಮೇಲೆ ಮಾಸ್ಕು, ಅಂತರ, ಸ್ಯಾನಿಟೈಸರು ನೋಡ್ಕೊಳ್ಳೋದು ಟೀಚರ ಕೆಲಸ. ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ತೀರ್ಮಾನ ಮಾಡಿದವರ ಸಹಿ ಆ ಕಾಗದದಲ್ಲಿ ಎಲ್ಲೂ ಇಲ್ಲ. ಪೋಷಕರು ಟೀಚರನ್ನ, ಟೀಚರು ಪೋಷಕರನ್ನ ಬೈಕೊಂಡಿದ್ದಕ್ಕೆ ಅರ್ಧ ಕಾರಣ ಈ ಕಾಗದ ಅಂತ ನನಗನ್ನಿಸುತ್ತೆ. ಹಳ್ಳಿಗಳಲ್ಲಿ ಪೋಷಕರನ್ನೂ ಶಿಕ್ಷಕರನ್ನೂ ಒಂದೇ ಮೇಜಿನ ಸುತ್ತ ಕೂರಿಸೋ ಶಾಲಾಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿ, ಮೊದಲಿಂದಲೂ ಇದೆ. ಆಯಾ ಊರಿನ ಪರಿಸ್ಥಿತಿ ನೋಡಿ ಅದೇ ತೀರ್ಮಾನ ಮಾಡಬಹುದಿತ್ತು. ಸೋಂಕೇ ಇಲ್ಲದ ಊರಿನ ಶಾಲೆಯೂ ರಾಜಧಾನಿಯ ಆದೇಶಕ್ಕೆ ಕಾಯ್ತಾ ಕೂತಿತ್ತು.

ಕಳೆದುಹೋದದ್ದನ್ನ ತುಂಬಿಸೋಕೆ ಕರ್ನಾಟಕ 2022–23ನೇ ಸಾಲನ್ನ ‘ಕಲಿಕಾ ಚೇತರಿಕೆ’ ವರ್ಷ ಅಂತ ಮಾಡ್ತು. ಹಿಂದಿನ ಎರಡು ವರ್ಷದ ಕಲಿಕೆಯನ್ನೂ ಆ ವರ್ಷದ್ದನ್ನೂ ಒಟ್ಟಿಗೆ ಕಲಿಸಬೇಕು. ಐದನೇ ಕ್ಲಾಸಿನಲ್ಲಿ ಕೂತ ಮಗು ಶಾಲೆ ಮುಚ್ಚಿದಾಗ ಎರಡನೇ ಕ್ಲಾಸಲ್ಲಿತ್ತು. ಟೀಚರು ಕಾಗುಣಿತದಿಂದ ಶುರು ಮಾಡಿದ್ರು.