ಡ್ರೈಯರ್ ಆಮೇಲೆ, ಮೊದಲು ಇಪ್ಪತ್ನಾಲ್ಕು ಪೊಟ್ಟಣ

ಬಾಳೆಗೆ ರೇಟು ಬಿದ್ದಾಗಲೆಲ್ಲ ನಮ್ಮ ಕಂಪ್ಲಿ ಕಡೆ ಒಂದು ಮಾತು ಏಳುತ್ತದೆ: "ಹಿಟ್ಟು ಮಾಡಿ ಮಾರಿದ್ರ ಹೆಂಗ?" ಕಳೆದ ಸಲ ಮಾತು ಸ್ವಲ್ಪ ಮುಂದಕ್ಕೇ ಹೋಯಿತು. ಊರಿನ ಐದಾರು ಮಂದಿ ಸೇರಿ ಡ್ರೈಯರ್, ಗಿರಣಿ, ಶೆಡ್ಡು ಎಂದು ಎಂಟು ಲಕ್ಷದ ಲೆಕ್ಕ ಬರೆದರು. ಸಾಲ ಎಲ್ಲಿ ಸಿಗುತ್ತದೆ ಎಂಬುದೂ ಅದರಲ್ಲಿತ್ತು. ಕೊಳ್ಳುವವರು ಯಾರು ಎಂಬ ಸಾಲು ಮಾತ್ರ ಇರಲಿಲ್ಲ.

"ತಮ್ಮಾ, ಸಾಲ ಆಮ್ಯಾಲೆ. ಮೊದ್ಲು ಮೂವತ್ತು ಕಿಲೋ ಕಾಯಿ ಒಣಗಿಸಿ ನೋಡೋಣು" ಎಂದೆ.

ವ್ಯಾಪಾರದವರು ಈ ಕ್ರಮಕ್ಕೆ 'ಲೀನ್' ಎನ್ನುತ್ತಾರೆ. ಬೊಜ್ಜಿಲ್ಲದ್ದು ಎಂದರ್ಥ. ಬೇಕಾದಾಗ, ಬೇಕಾದಷ್ಟೇ ತಯಾರಿಸುವುದು ಜಪಾನಿನ ಟೊಯೊಟಾ ಕಾರ್ಖಾನೆಯ ರೂಢಿ. ಅಮೆರಿಕದ ಎರಿಕ್ ರೀಸ್ 2011ರಲ್ಲಿ ಪುಸ್ತಕ ಬರೆದು ಇದನ್ನು ಹೊಸ ಉದ್ಯಮಗಳಿಗೆ ಹೊಂದಿಸಿದರು. ಸಣ್ಣದಾಗಿ ಮಾಡು, ಗಿರಾಕಿಯ ಕೈಗೆ ಕೊಡು, ತಿಳಿದದ್ದನ್ನು ಹಿಡಿದು ತಿದ್ದು. ಹೊಸ ತಳಿ ಬಂದರೆ ನಾವು ಮೊದಲ ವರ್ಷ ನಾಲ್ಕು ಸಾಲು ಹಾಕಿ ನೋಡುವುದಿಲ್ಲವೇ? ಅದೇ ಇದು.

ಬಾಳೆಕಾಯಿ ಹಿಟ್ಟಿನ ಕತೆಯೂ ಹಾಗೇ ಶುರುವಾದದ್ದು. 2021ರ ಕೊರೊನಾ ಕಾಲದಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಮನೆಯಲ್ಲೇ ಹುಡಿ ಮಾಡಿ ದೋಸೆ, ಜಾಮೂನು ಮಾಡಿ ನೋಡಿದರು. ಅದೇ ಜುಲೈನಲ್ಲಿ ಪ್ರಧಾನಿಯ 'ಮನ್ ಕಿ ಬಾತ್'ನಲ್ಲೂ ಅದರ ಪ್ರಸ್ತಾಪ ಬಂತು. ಅವರದು ಮಳೆಯ ಸೀಮೆ, ಒಣಗಿಸುವುದೇ ಕಷ್ಟ. ನಮಗೆ ಬಿಸಿಲು ಪುಕ್ಕಟೆ. ಆದರೆ ಅದಿರಿನ ಲಾರಿ ಓಡಾಡುವ ಹೊಸಪೇಟೆ–ಸಂಡೂರು ದಾರಿಯ ಬದಿಯವರು ತೆಳುಬಟ್ಟೆ ಮುಚ್ಚದೆ ಒಣಗಿಸಬೇಡಿ. ಹಿಟ್ಟು ಕೆಂಪಾದೀತು!

ಬಲಿತ ಹಸಿಕಾಯಿ ಸುಲಿದು, ತೆಳುವಾಗಿ ಹೆಚ್ಚಿ, ಸ್ವಲ್ಪ ಹೊತ್ತು ಮಜ್ಜಿಗೆ ನೀರಲ್ಲಿ ಹಾಕಿ ತೆಗೆಯಬೇಕು. ಇಲ್ಲವಾದರೆ ಕಪ್ಪಾಗುತ್ತದೆ. ಮುರಿದರೆ ಚಟ್ ಎನ್ನುವಷ್ಟು ಒಣಗಿದ ಮೇಲೆ ಗಿರಣಿಗೆ. ಮೂವತ್ತು ಕಿಲೋ ಕಾಯಿಗೆ ನಮಗೆ ಸಿಕ್ಕಿದ್ದು ಆರು ಕಿಲೋ ಹಿಟ್ಟು. ಕಾಲು ಕಿಲೋದ 24 ಪೊಟ್ಟಣ.

ಪುಕ್ಕಟೆ ಹಂಚಲಿಲ್ಲ. ಪುಕ್ಕಟೆ ಕೊಟ್ಟರೆ ಎಲ್ಲರೂ "ಚಲೋ ಐತ್ರೀ" ಅಂತಾರೆ. ಪರಿಚಯದವರಿಗೇ 50 ರೂಪಾಯಿಗೆ ಮಾರಿ, ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಹೊಗಳಿದವರನ್ನು ಎಣಿಸಲಿಲ್ಲ, ಇನ್ನೊಂದು ಪೊಟ್ಟಣ ಕೇಳಿದವರನ್ನು ಎಣಿಸಿದೆ.

ಕಂಪ್ಲಿಯಲ್ಲಿ ಒಬ್ಬರೂ ಕೇಳಲಿಲ್ಲ. ಹಿತ್ತಲಲ್ಲೇ ಬಾಳೆ ಇದ್ದವರು ಯಾಕೆ ಕೊಳ್ಳುತ್ತಾರೆ? ಒಬ್ಬ ಅಕ್ಕ ಜೋಳದ ಹಿಟ್ಟಿಗೆ ಬೆರೆಸಿ, "ರೊಟ್ಟಿ ಹರೀತೈತಿ, ಬಡಿಯಾಕ ಬರಂಗಿಲ್ಲ" ಎಂದರು. ಹೊಸಪೇಟೆಯ ಎಂಟು ಮನೆಗಳಲ್ಲಿ ಮೂರು ಮನೆಯವರು ದೋಸೆಗೆಂದು ಮತ್ತೆ ಕೇಳಿದರು. ಸಂಡೂರಿನಲ್ಲಿ, ಏನು ಮಾಡುವುದೆಂದು ತಿಳಿಯದೆ ಡಬ್ಬಿಯಲ್ಲೇ ಇಟ್ಟಿದ್ದರು. ಹಂಪಿಯ ಒಂದು ಸಣ್ಣ ಹೋಟೆಲಿನವರು ಪ್ರವಾಸಿಗರಿಗೆ ಪ್ಯಾನ್‌ಕೇಕ್ ಮಾಡಿ, ಸೀಸನ್ನಿನಲ್ಲಿ ತಿಂಗಳಿಗೆ ಎರಡು ಕಿಲೋ ಬೇಕೆಂದರು.

ಎರಡನೇ ಸಲ ಹಿಟ್ಟು ಅದೇ. ಪೊಟ್ಟಣಕ್ಕೆ ಒಂದು ಚೀಟಿ ಅಂಟಿಸಿದೆವು: ದೋಸೆಗೆ ಎರಡು ಪಾಲು ಅಕ್ಕಿ ಹಿಟ್ಟು, ಒಂದು ಪಾಲು ಇದು. ಕಂಪ್ಲಿ ಬಿಟ್ಟೆವು. ಇಪ್ಪತ್ನಾಲ್ಕರಲ್ಲಿ ಹನ್ನೊಂದು ಮಂದಿ ಮತ್ತೆ ಕೇಳಿದರು.

ಲೆಕ್ಕ ನೋಡಿ. ಕಾಯಿ ಕಿಲೋಗೆ 8 ರೂಪಾಯಿಯಂತೆ 240, ಕೂಲಿ 300, ಗಿರಣಿ, ಪೊಟ್ಟಣ 70. ಒಟ್ಟು 610. ಮಾರಿದ್ದು 1200. ಮನೆಯವರ ಕೂಲಿಯನ್ನೂ ಹಿಡಿದಿದ್ದೇನೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಎಲ್ಲ ಧಂದೆಯೂ ಲಾಭದ್ದೇ! ಕಾಯಿಗೆ 20 ರೂಪಾಯಿ ಬಂದರೆ ಖರ್ಚು 970 ಆಗುತ್ತದೆ, ಉಳಿದದ್ದು ಓಡಾಟಕ್ಕೇ ಸರಿ. ಆಗ ಗೊನೆಯನ್ನೇ ಮಾರುವುದು ಲೇಸು. ಒಂದು ಲಾರಿ ಬಾಳೆ ಕೊಳೆಯುತ್ತಿದ್ದರೆ ಈ ಹಿಟ್ಟು ಅದನ್ನು ಉಳಿಸುವುದಿಲ್ಲ, ಅದೂ ಗೊತ್ತಿರಲಿ.

ಈಗ ತಿಂಗಳಿಗೆ ಹತ್ತು ಹನ್ನೆರಡು ಕಿಲೋ ಹೋಗುತ್ತಿದೆ. ಅದಕ್ಕೆ ಮಾಳಿಗೆಯ ಬಿಸಿಲೇ ಸಾಕು. ಅಂಗಡಿಗೆ ಇಡುವ ಮುನ್ನ ಆಹಾರ ಸುರಕ್ಷತೆಯ ನೋಂದಣಿ ಆಗಬೇಕು, ಅದರ ಓಡಾಟ ನಡೆದಿದೆ. ಎಂಟು ಲಕ್ಷದ ಕಾಗದ ಹರಿದಿಲ್ಲ. ಮೂರು ತಿಂಗಳು ಸತತ ನೂರು ಕಿಲೋಗೆ ಬೇಡಿಕೆ ಬಂದರೆ ಬಿಚ್ಚೋಣ ಎಂದು ಮಡಚಿ ಇಟ್ಟಿದ್ದೇವೆ.