ಕುಸ್ತಿಯ ವಿಡಿಯೋ ಗೇಮ್: ಹದಿಹರೆಯದ ಮಕ್ಕಳಿಗೆ ಕೊಡಿಸಬಹುದೇ?

ಹಬ್ಬದ ರಜೆ ಹತ್ತಿರ ಬಂದಂತೆ ಅಬ್ಬಿಗೆರೆ, ಕಮ್ಮಗೊಂಡನಹಳ್ಳಿ, ಜಾಲಹಳ್ಳಿ ಸುತ್ತಲಿನ ಮನೆಗಳಲ್ಲಿ ಮಕ್ಕಳ ಬೇಡಿಕೆಯ ಪಟ್ಟಿಯೂ ಬೆಳೆಯುತ್ತದೆ. ಅದರಲ್ಲಿ ಹೊಸ ಬಟ್ಟೆ, ಬೂಟುಗಳ ಜೊತೆಗೆ "ಡಬ್ಲ್ಯು.ಡಬ್ಲ್ಯು.ಇ. ಗೇಮ್" ಎಂಬುದೂ ಸೇರಿರುತ್ತದೆ. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ, ಅಮ್ಮ ಗಾರ್ಮೆಂಟ್ಸಿಗೆ ಹೋಗುವ ಮನೆಗಳಲ್ಲಿ ಶಾಲೆ ಬಿಟ್ಟ ಮಗ ಸಂಜೆಯವರೆಗೆ ಒಬ್ಬನೇ. ಬೀದಿ ಸುತ್ತುವ ಬದಲು ಮನೆಯಲ್ಲೇ ಆಡಿಕೊಂಡಿರಲಿ ಎಂದು ಕೊಡಿಸೋಣವೇ? ಅಥವಾ ಹೊಡೆದಾಟದ ಆಟವೇ ಬೇಡವೆಂದು ಗದರಿಸಿ ಸುಮ್ಮನಾಗಿಸೋಣವೇ? ಎರಡೂ ಅವಸರದ ಉತ್ತರಗಳು. ಆಟ ಎಂಥದ್ದು ಎಂದು ತಿಳಿಯದೆ ಅದು ಮಗನಿಗೆ ತಕ್ಕದ್ದೋ ಅಲ್ಲವೋ ಎಂದು ಹೇಳಲಾಗದು.

ಕುಸ್ತಿ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ತೂಕ, ಅನುಭವ ನೋಡಿ ಜೋಡಿ ಕಟ್ಟುತ್ತಾರೆ. ಸಮಬಲರಲ್ಲದವರನ್ನು ಅಖಾಡಕ್ಕೆ ಇಳಿಸುವುದಿಲ್ಲ. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವಂತೂ ನೋಡಲು ಭಯಂಕರ. ಆದರೆ ಒಬ್ಬನ ತಲೆಯಿಂದ ರಕ್ತ ಕಾಣಿಸಿದ ಕೂಡಲೇ ಕಾಳಗ ನಿಲ್ಲುತ್ತದೆ. ಅಲ್ಲಿ ರಕ್ತವೆಂದರೆ "ಇನ್ನು ಸಾಕು" ಎಂಬ ಗುರುತು.

ಟಿ.ವಿ.ಯಲ್ಲಿ ಕಾಣುವ ಡಬ್ಲ್ಯು.ಡಬ್ಲ್ಯು.ಇ. ಕುಸ್ತಿಯ ಬಗೆ ಬೇರೆ. ಅದು ಸ್ಪರ್ಧೆಯಲ್ಲ, ಮನರಂಜನೆ ಎಂದು 1989ರಲ್ಲಿ ಆ ಸಂಸ್ಥೆಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತು. ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಎತ್ತಿ ಒಗೆಯುವವನು ಎದುರಾಳಿಯ ಕತ್ತು, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳುತ್ತಾನೆ. ಬೀಳುವವನೂ ಬೀಳುವ ವಿದ್ಯೆಯನ್ನು ವರ್ಷಗಟ್ಟಲೆ ಕಲಿತಿರುತ್ತಾನೆ. ಇಷ್ಟಾದರೂ ಅನಾಹುತ ತಪ್ಪುವುದಿಲ್ಲ. 1997ರ ಆಗಸ್ಟ್‌ನಲ್ಲಿ ಸ್ಟೀವ್ ಆಸ್ಟಿನ್ ಎಂಬ ಪ್ರಖ್ಯಾತ ಪಟುವನ್ನು ತಲೆಕೆಳಗಾಗಿ ಹಿಡಿದು ಕೆಡವುವ ಪಟ್ಟಿನಲ್ಲಿ ಸ್ವಲ್ಪ ಲೆಕ್ಕ ತಪ್ಪಿತು. ಆತನ ಕತ್ತಿಗೆ ತೀವ್ರ ಪೆಟ್ಟಾಯಿತು, ಕೆಲಹೊತ್ತು ಕೈಕಾಲು ಆಡಲಿಲ್ಲ. ನುರಿತವರ ಗತಿಯೇ ಹೀಗಾದರೆ ಮಹಡಿಯ ಮೇಲೋ ಮಂಚದ ಮೇಲೋ ತಮ್ಮನನ್ನು ಎತ್ತಿ ಒಗೆಯುವ ಹುಡುಗನ ಗತಿ ಏನು?

ಇದೇ ಕುಸ್ತಿಯ ವಿಡಿಯೋ ಗೇಮ್‌ನಲ್ಲಿ ಈ ಕಾಳಜಿಯೇ ಕಾಣಿಸುವುದಿಲ್ಲ. ಕುರ್ಚಿಯಿಂದ ಹೊಡೆಸಿಕೊಂಡವನು, ಏಣಿಯಿಂದ ಬಿದ್ದವನು ಗುಂಡಿ ಒತ್ತಿದರೆ ಎದ್ದು ನಿಲ್ಲುತ್ತಾನೆ. ಬಿದ್ದ ದೇಹಕ್ಕೆ ನೋವೆಂಬುದಿದೆ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಅದನ್ನು ಹೇಳಬೇಕಾದವರು ಮನೆಯವರು.

ಹಾಗಾದರೆ ಪೆಟ್ಟಿಗೆಯ ಮೇಲಿನ ವಯಸ್ಸಿನ ಗುರುತನ್ನು ನಂಬಬಹುದೇ? ಅಮೆರಿಕದಲ್ಲಿ 1994ರಿಂದ ಇ.ಎಸ್.ಆರ್.ಬಿ. ಎಂಬ ಮಂಡಳಿ ಗೇಮ್‌ಗಳಿಗೆ ಗುರುತು ಕೊಡುತ್ತಿದೆ. ಇತ್ತೀಚಿನ ಡಬ್ಲ್ಯು.ಡಬ್ಲ್ಯು.ಇ. 2ಕೆ ಸರಣಿಗೆ ಅದು ಕೊಟ್ಟಿರುವುದು "ಟಿ", ಅಂದರೆ 13 ವರ್ಷ ದಾಟಿದವರಿಗೆ. ಯೂರೋಪಿನಲ್ಲಿ 2003ರಲ್ಲಿ ಆರಂಭವಾದ ಪೆಗಿ ವ್ಯವಸ್ಥೆ ಅದೇ ಗೇಮ್‌ಗೆ 16 ಎಂದು ಬರೆದಿದೆ. ಆಟ ಒಂದೇ, ಅಂಕಿ ಎರಡು! ಇನ್ನು ನಮ್ಮ ದೇಶದ ಸೆನ್ಸಾರ್ ಮಂಡಳಿ ಸಿನಿಮಾಗಳಿಗೆ ಪ್ರಮಾಣಪತ್ರ ಕೊಡುತ್ತದೆ. 2023ರ ಕಾನೂನು ತಿದ್ದುಪಡಿಯ ನಂತರ ಯು.ಎ. ವರ್ಗದಲ್ಲಿ 7, 13, 16 ಎಂಬ ವಯಸ್ಸಿನ ವಿಂಗಡಣೆಯೂ ಬಂದಿದೆ. ಆದರೆ ವಿಡಿಯೋ ಗೇಮ್ ಆ ಮಂಡಳಿಯ ಮುಂದೆ ಹೋಗುವುದಿಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಆಡುವ ಆಟಗಳನ್ನು. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಎಚ್ಚರಿಕೆಯ ಫಲಕವೆಂದು ತಿಳಿಯೋಣ. ಅದು ಆಟದಲ್ಲಿ ಏನಿದೆ ಎಂದು ಹೇಳುತ್ತದೆ. ನಿಮ್ಮ ಮಗ ಎಂಥವನು ಎಂದು ಹೇಳುವುದಿಲ್ಲ.

ಮಗ ಎಂಥವನೆಂದು ಬಲ್ಲವರು ತಂದೆತಾಯಿ. ಅವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು.

ಮೊದಲನೆಯದು: ಆಟ ಯಾವುದು, ಸುಳ್ಳು ಯಾವುದು ಎಂದು ಅವನಿಗೆ ಗೊತ್ತಿದೆಯೇ? "ಇವನು ಅವನನ್ನು ಎತ್ತಿದಾಗ ಕತ್ತನ್ನು ಹೇಗೆ ಕಾಪಾಡುತ್ತಾನೆ, ಹೇಳು ನೋಡೋಣ" ಎಂದು ಕೇಳಿ. ವಿವರಿಸಬಲ್ಲ ಹುಡುಗ ಪ್ರದರ್ಶನವನ್ನು ಅರ್ಥ ಮಾಡಿಕೊಂಡಿದ್ದಾನೆ. "ಅದೆಲ್ಲಾ ನಿಜಾನೇ" ಎನ್ನುವವನಿಗೆ ಇನ್ನೂ ಕಾಲ ಬೇಕು.

ಎರಡನೆಯದು: ಗೇಮ್ ಆಫ್ ಮಾಡಿದ ಮೇಲೆ ಅವನು ಹೇಗಿರುತ್ತಾನೆ? ಸೋತರೆ ರಿಮೋಟ್ ಎಸೆಯುವುದು, ತಮ್ಮ ತಂಗಿಯರ ಮೇಲೆ ಪಟ್ಟು ಹಾಕಿ ನೋಡುವುದು, ಎದುರಾಳಿಯನ್ನು ಹೀಯಾಳಿಸುವ ಮಾತನ್ನು ಮನೆಯಲ್ಲಿ ಆಡುವುದು ಕಂಡರೆ ಯಾವ ಅಂಕಿಯನ್ನೂ ನೋಡಬೇಕಿಲ್ಲ, ಆಟ ನಿಲ್ಲಿಸಬೇಕು.

ಮೂರನೆಯದು: ಅದು ಏನನ್ನು ನುಂಗುತ್ತಿದೆ? ಸಮಯ, ನಿದ್ದೆ, ಓದು, ಗೆಳೆಯರ ಜೊತೆ ಮೈದಾನದ ಆಟ, ಅದರ ಜೊತೆಗೆ ಹಣ. 2022ರಿಂದ ಈ ಸರಣಿಯಲ್ಲಿ ಕುಸ್ತಿಪಟುಗಳ ಚಿತ್ರವಿರುವ ಕಾರ್ಡುಗಳ ಕಟ್ಟನ್ನು ನಿಜವಾದ ಹಣ ಕೊಟ್ಟೂ ಕೊಳ್ಳಬಹುದು. ಒಳಗೆ ಯಾವ ಕಾರ್ಡು ಇದೆಯೆಂದು ಬಿಚ್ಚುವವರೆಗೆ ಗೊತ್ತಾಗದು. ಅದೃಷ್ಟ ನೋಡುವ ಈ ಚಪಲ ಮಕ್ಕಳಿಗೆ ಒಳ್ಳೆಯದಲ್ಲ. ಅಪ್ಪನ ಫೋನಿನ ಯು.ಪಿ.ಐ. ಗುಟ್ಟಿನ ಸಂಖ್ಯೆ ಮಗನಿಗೆ ತಿಳಿದಿರಬಾರದು.

ಹಳೆಯ ಸಿ.ಡಿ. ಅಗ್ಗವಾಗಿ ಸಿಕ್ಕಿತೆಂದು ಸುಮ್ಮನೆ ಕೊಡಿಸುವುದೂ ಬೇಡ. 2000ದ ದಶಕದ ಕೆಲವು ಕುಸ್ತಿ ಗೇಮ್‌ಗಳಲ್ಲಿ ಎದುರಾಳಿ ಹೆಣ್ಣಿನ ಬಟ್ಟೆ ಕಿತ್ತರೆ ಗೆಲುವು ಎಂಬ ಪಂದ್ಯಗಳಿದ್ದವು. ಹೆಣ್ಣನ್ನು ಹೀಗೆ ಕಾಣುವುದು ರಕ್ತಕ್ಕಿಂತ ಆಳವಾದ ಗಾಯ ಮಾಡುತ್ತದೆ.

ಇಷ್ಟನ್ನು ತೂಗಿ ನೋಡಿದರೆ ಒಂದು ದಾರಿ ಕಾಣುತ್ತದೆ. 13 ತುಂಬದವರಿಗೆ ಈ ಗೇಮ್ ಬೇಡ. 13ರಿಂದ 15ರವರು ದೊಡ್ಡವರು ಮನೆಯಲ್ಲಿರುವಾಗ, ಎಲ್ಲರೂ ಓಡಾಡುವ ಹಜಾರದಲ್ಲಿ, ಗೊತ್ತುಮಾಡಿದ ಅವಧಿ ಆಡಲಿ. ರಕ್ತ ತೋರಿಸುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು, ನಿಲ್ಲಿಸಿ. ಅಪರಿಚಿತರ ಜೊತೆ ಆನ್‌ಲೈನ್ ಪಂದ್ಯ ಬೇಡ. 16 ದಾಟಿದ, ಮೇಲಿನ ಮೂರು ಪ್ರಶ್ನೆಗಳಲ್ಲಿ ಗೆದ್ದ ಮಗನನ್ನು ನಂಬಿ ಬಿಡಬಹುದು. ಮನೆಯಲ್ಲಿ ಇಡೀ ಸಂಜೆ ಯಾರೂ ಇರುವುದಿಲ್ಲವೆಂದಾದರೆ ಗೇಮ್ ಭಾನುವಾರಕ್ಕೆ ಇರಲಿ.

2007ರ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕೆ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಆರಿಸಿಕೊಂಡ ವಿಷಯವೇ ಮಕ್ಕಳು ಮತ್ತು ಮಾಧ್ಯಮ. ಮನರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ವೈಭವೀಕರಿಸುವ ವಿಡಿಯೋ ಗೇಮ್‌ಗಳನ್ನು ಅವರು ಖಂಡಿಸಿದರು. ಅಷ್ಟಕ್ಕೇ ನಿಲ್ಲದೆ, ಮಾಧ್ಯಮವನ್ನು ವಿವೇಕದಿಂದ ಬಳಸಲು ಕಲಿಸುವ ಮೊದಲ ಹೊಣೆ ತಂದೆತಾಯಿಯರದು, ಶಾಲೆ ಮತ್ತು ಧರ್ಮಕೇಂದ್ರಗಳು ಅವರಿಗೆ ನೆರವಾಗಬೇಕು ಎಂದೂ ನೆನಪಿಸಿದರು.

ಆದ್ದರಿಂದ ಪ್ರಿಯ ಪೋಷಕರೇ, ಕೊಡಿಸುವ ಮೊದಲು ಒಂದು ಗಂಟೆ ಮಗನ ಪಕ್ಕದಲ್ಲಿ ಕೂತು ನೀವೂ ಆಡಿ ನೋಡಿ. ನೀವು ಸೋಲುವುದು ಖಂಡಿತ, ಅವನು ನಗುವುದೂ ಖಂಡಿತ. ಆದರೆ ಆ ಒಂದು ಗಂಟೆಯಲ್ಲಿ ಆಟದ ಗುಣವೂ ಮಗನ ಮನಸ್ಸೂ ನಿಮಗೆ ತಿಳಿಯುತ್ತದೆ. ಆಮೇಲೆ ನೀವು "ಆಗಲಿ" ಎಂದರೂ "ಬೇಡ" ಎಂದರೂ ಅದಕ್ಕೆ ಕಾರಣವಿರುತ್ತದೆ. ಕಾರಣ ಹೇಳಿದ ಮಾತನ್ನು ಮಕ್ಕಳು ಕೇಳುತ್ತಾರೆ.