ಮಾತ್ರೆಗೆ ಎರಡು ಹೆಸರು

ಮುಂಬ್ರಾ, ಕಳವಾ, ಡೊಂಬಿವಲಿಗಳಲ್ಲಿ ನೆಲಸಿರುವ ನಮ್ಮ ಹೊಟೇಲು ಕಾರ್ಮಿಕರಲ್ಲೂ ಗುಮಾಸ್ತರಲ್ಲೂ ಮಧುಮೇಹಕ್ಕೋ ರಕ್ತದೊತ್ತಡಕ್ಕೋ ದಿನನಿತ್ಯ ಮಾತ್ರೆ ನುಂಗುವವರು ಅನೇಕರುಂಟು. ಊರಿಗೆ ಕಳುಹಿಸುವ ಹಣವನ್ನು ತೆಗೆದಿಟ್ಟ ಮೇಲೆ ಸಂಬಳದಲ್ಲಿ ಔಷಧಕ್ಕೆಂದು ಉಳಿಯುವುದು ಅಲ್ಪವೇ. ಜೆನೆರಿಕ್ ಔಷಧವು ಇಂಥವರಿಗೆ ದೊಡ್ಡ ಆಸರೆ. ಆದರೆ ‘ಅಗ್ಗದ ಮದ್ದು ನಾಟೀತೇ?’ ಎಂಬ ಶಂಕೆ ಹಲವರನ್ನು ಹಿಂಜರಿಯುವಂತೆ ಮಾಡಿದೆ.

ಪೇಟೆಯ ಬಹುತೇಕ ಮಾತ್ರೆಗಳಿಗೆ ಎರಡು ಹೆಸರು. ಒಂದು, ಒಳಗಿರುವ ದ್ರವ್ಯದ ಹೆಸರು. ಇನ್ನೊಂದು, ಕಂಪೆನಿಯು ಇಟ್ಟ ವ್ಯಾಪಾರನಾಮ. ಮೆಟ್‌ಫಾರ್ಮಿನ್ ಎಂಬುದು ದ್ರವ್ಯನಾಮ. ಗ್ಲೈಕೋಮೆಟ್ ಎಂಬುದು ವ್ಯಾಪಾರನಾಮ. ದ್ರವ್ಯನಾಮದಲ್ಲಿಯೇ ಮಾರುವ ಔಷಧವೇ ಜೆನೆರಿಕ್. ಕೇಂದ್ರ ಸರಕಾರವು 2008ರಲ್ಲಿ ಆರಂಭಿಸಿದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಅರ್ಧಕ್ಕಿಂತಲೂ ಕಡಮೆ ಬೆಲೆಗೆ ದೊರೆಯುತ್ತವೆ.

ಗುಣಮಟ್ಟದ ಶಂಕೆಯು ಕೇವಲ ನಿರಾಧಾರವೆಂದು ನಾವು ಹೇಳೆವು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಸೇವಿಸಿದ 14 ಮಂದಿ ರೋಗಿಗಳು ಅಸುನೀಗಿದರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗವು ಖರೀದಿಯಿಂದ ತಪಾಸಣೆಯವರೆಗಿನ ಲೋಪಗಳನ್ನು ಬಯಲಿಗೆಳೆಯಿತು. ಔಷಧವನ್ನು ಸರಿಯಾಗಿ ಪರೀಕ್ಷಿಸದಿದ್ದರೆ ಹೆಸರೂ ಕಾಯದು, ಬೆಲೆಯೂ ಕಾಯದು. ನೀರಿನಲ್ಲಿ ಸುಲಭವಾಗಿ ಕರಗದ ದ್ರವ್ಯಗಳ ಮಾತ್ರೆಗಳು ಮೂಲ ಔಷಧದಂತೆಯೇ ರಕ್ತಕ್ಕೆ ಸೇರುತ್ತವೆಯೆಂದು ತಯಾರಕರು ಪರವಾನಗಿಗೆ ಮೊದಲು ತೋರಿಸಿಕೊಡಬೇಕೆಂಬ ನಿಯಮವು 2017ರಲ್ಲಿ ಬಂದಿತು. ನಿಯಮದಷ್ಟೇ ಅದರ ಪಾಲನೆಯೂ ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ.

ಊರಿಗೂ ಮುಂಬಯಿಗೂ ಓಡಾಡುವ ನಮ್ಮವರಿಗೆ ಇನ್ನೊಂದು ಅಪಾಯವುಂಟು. ಕುಂದಾಪುರದ ವೈದ್ಯರು ಒಂದು ವ್ಯಾಪಾರನಾಮವನ್ನು ಬರೆದಿರುತ್ತಾರೆ, ಮುಂಬ್ರಾದ ವೈದ್ಯರು ಮತ್ತೊಂದನ್ನು. ಬೇರೆ ಬೇರೆ ಮದ್ದೆಂದು ಬಗೆದು ಎರಡನ್ನೂ ನುಂಗಿದರೆ ಒಂದೇ ದ್ರವ್ಯವು ಇಮ್ಮಡಿಯಾಗಿ ದೇಹವನ್ನು ಸೇರುತ್ತದೆ. ಅದು ಗ್ಲಿಮೆಪಿರೈಡ್ ಆಗಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪಬಹುದು. ಬಹುತೇಕ ಔಷಧಗಳಲ್ಲಿ ದ್ರವ್ಯನಾಮವನ್ನು ವ್ಯಾಪಾರನಾಮಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಅಚ್ಚಿಡಬೇಕೆಂದು 2018ರಲ್ಲಿ ನಿಯಮವಾಗಿದೆ. ನೋಡತಕ್ಕದ್ದು ಆ ಹೆಸರನ್ನು.

ಹೆಸರಿನಂತೆಯೇ ಹೊತ್ತೂ ಮುಖ್ಯ. ‘ಊಟಕ್ಕೆ ಮೊದಲು ಒಂದು’ ಎಂದು ಚೀಟಿಯಲ್ಲಿದೆ. ಗಿರಾಕಿಗಳ ಊಟವೆಲ್ಲ ಮುಗಿದ ಮೇಲೆ 4 ಗಂಟೆಗೆ ಉಣ್ಣುವ ಸಪ್ಲೈಯರನು ಆ ಮಾತ್ರೆಯನ್ನು 1 ಗಂಟೆಗೇ ನುಂಗಿದರೆ ಗತಿಯೇನು? ರಂಜಾನಿನಲ್ಲಿ ಉಪವಾಸ ಹಿಡಿಯುವ ಬಾಂಧವರ ಪ್ರಶ್ನೆಯೂ ಇದೇ. ಆದುದರಿಂದ ತಾನು ಉಣ್ಣುವ, ದುಡಿಯುವ, ಮಲಗುವ ವೇಳೆಯನ್ನು ರೋಗಿಯು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಯನ್ನು ತಾನಾಗಿ ನಿಲ್ಲಿಸಕೂಡದು, ಬದಲಾಯಿಸಕೂಡದು. ಮದ್ದನ್ನು ಹೇಗೆ ಸೇವಿಸಬೇಕೆಂದು ತಿಳಿಯಹೇಳುವುದು ಔಷಧದ ಅಂಗಡಿಯ ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಾವಳಿಯೇ ಹೇಳುತ್ತದೆ. ಕೇಳಲು ಸಂಕೋಚವೇಕೆ?

ಆದರೆ ಅಚ್ಚಾಗಿರುವುದು ಇಂಗ್ಲಿಷು, ಅಂಗಡಿಯಲ್ಲಿ ಹೇಳುವುದು ಹಿಂದಿ ಅಥವಾ ಮರಾಠಿ. ಕನ್ನಡವೊಂದನ್ನೇ ಓದಬಲ್ಲ ಅಡಿಗೆಯವನಿಗೆ ಇವೆರಡೂ ಸಾಲವು. ನಮ್ಮ ಗುಮಾಸ್ತ ಮಿತ್ರರು ಇಲ್ಲಿ ಉಪಕರಿಸಬಹುದು. ಫಾರ್ಮಸಿಸ್ಟರನ್ನು ಕೇಳಿ, ದ್ರವ್ಯನಾಮ, ಪ್ರಮಾಣ, ಹೊತ್ತು ಇವು ಮೂರನ್ನೂ ಕನ್ನಡದಲ್ಲಿ ಒಂದು ಚೀಟಿಗೆ ಬರೆದುಕೊಟ್ಟರೆ ಸಾಕು. ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಲಿ. ಆ ಚೀಟಿ ಜೇಬಿನಲ್ಲಿದ್ದರೆ ಊರಿನ ವೈದ್ಯರಿಗೂ ಇಲ್ಲಿಯ ವೈದ್ಯರಿಗೂ ತೋರಿಸಬಹುದು. ಒಂದೇ ಮದ್ದಿಗೆ ಎರಡು ಸಲ ಹಣ ತೆರುವುದೂ ತಪ್ಪೀತು, ಜೀವಕ್ಕೆ ಬರುವ ಕುತ್ತೂ ತಪ್ಪೀತು.